ಹಾರವಾಡದ ಸ್ವೆಟರು

"ಆಯ್ತು. ಇನ್ನು ಇದು ಜಪ್ಪಯ್ಯ ಅಂದ್ರೂ ಹರಿಯೂದಿಲ್ಲ," ಅಂದ ತುಳಸಿದಾಸ, ತೊಡೆಯ ಮೇಲಿನ ಕೆಲಸವನ್ನು ಅಂಗೈಯಿಂದ ಎರಡು ಸಲ ತಟ್ಟಿ.

ಹೀರಾ ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ಆಗಷ್ಟೇ ಬಂದವಳು, ಖಾಲಿ ಬುಟ್ಟಿಯನ್ನು ಸೊಂಟದಿಂದ ಇಳಿಸದೆ ಜಗಲಿಯ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಗಂಡನ ತೊಡೆಯ ಮೇಲಿದ್ದದ್ದು ಯಾರದೋ ದೋಣಿಯ ಬಲೆಯಲ್ಲ, ಅವಳ ಹಸಿರು ಸ್ವೆಟರು. ಮಗಳು ನಿಶಾಳಿಗೆಂದು ಮಳೆಗಾಲ ಮುಗಿದಾಗಿನಿಂದ ಹೆಣೆದು, ನಿನ್ನೆ ಸಂಜೆಯಷ್ಟೇ ಕೊರಳಪಟ್ಟಿ ಮುಗಿಸಿ, ಮಡಚಿ ಮಂಚದ ಮೇಲೆ ಇಟ್ಟುಹೋಗಿದ್ದ ಸ್ವೆಟರು. ಅದರ ಎದೆಯ ಎಡಗಡೆ ಅಂಗೈ ಅಗಲದಷ್ಟು ಜಾಗದಲ್ಲಿ ಅವಳ ಹೆಣಿಗೆ ಇರಲೇ ಇಲ್ಲ. ಅಲ್ಲಿ ಬಲೆ ಇತ್ತು. ಅದೇ ಹಸಿರು ಉಲ್ಲನ್ನಿನಲ್ಲಿ ಗಂಟು ಹಾಕಿ ಹಾಕಿ ಮಾಡಿದ, ಸಣ್ಣ ಕಣ್ಣುಗಳ, ಬಹಳ ಅಚ್ಚುಕಟ್ಟಾದ ಬಲೆ.

"ಹೋಯ್, ಎಂತ ಮಾಡಿಟ್ರಿ ನೀವು?"

"ಬೆಕ್ಕು ಎಳ್ದು ಹಾಕಿತ್ತು ಮಾರಾಯ್ತಿ. ನಾ ಸ್ನಾನ ಮಾಡಿ ಬಂದು ನೋಡ್ತೆ, ಇದ್ನ ಒಲೆ ಹತ್ರ ಎಳ್ಕಂಡು ಹೋಗಿ ಉಗುರು ಹಾಕ್ತಾ ಕೂತದೆ. ಇಷ್ಟು ತೂತು ಬಿದ್ದಿತ್ತು." ತುಳಸಿದಾಸ ಎರಡು ಬೆರಳು ಜೋಡಿಸಿ ತೋರಿಸಿದ.

"ಅಷ್ಟೇ ತೂತು ಬಿದ್ದಿದ್ರೆ ಇಷ್ಟು ದೊಡ್ಡದು ಹ್ಯಾಂಗಾಯ್ತು?"

"ಅಂಚು ಸವರದೆ ತೂತು ತುಂಬೂಕೆ ಬರ್ತದಾ? ಚೂರಿ ತಕಂಡು ಸುತ್ತ ಚೊಕ್ಕ ಮಾಡ್ದೆ."

ಚೂರಿ ಎಂಬ ಮಾತು ಕೇಳಿದ್ದೇ ಹೀರಾ ಬುಟ್ಟಿಯ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತಳು. ಬಲೆ ಹರಿದರೆ ಹಾರವಾಡದಲ್ಲಿ ಯಾರೇ ಆಗಲಿ ಮೊದಲು ಮಾಡುವುದು ಅದನ್ನೇ. ಹರಿದು ಜೋತ ಕಣ್ಣುಗಳನ್ನೆಲ್ಲ ಕತ್ತರಿಸಿ, ಗಟ್ಟಿ ಗಂಟು ಸಿಗುವವರೆಗೆ ಹೋಗಿ, ಅಲ್ಲಿಂದ ಹೊಸ ಕಣ್ಣು ಹಾಕುತ್ತಾ ಬರಬೇಕು. ಬಲೆಯ ಪ್ರತಿ ಕಣ್ಣೂ ತನ್ನ ಗಂಟನ್ನು ನಂಬಿ ನಿಂತಿರುತ್ತದೆ, ಪಕ್ಕದ್ದು ಹೋದರೆ ಅದಕ್ಕೇನೂ ಆಗುವುದಿಲ್ಲ. ಸ್ವೆಟರಿನಲ್ಲಿ ಗಂಟೆಂಬುದೇ ಇಲ್ಲವಲ್ಲ! ಒಂದೇ ಎಳೆ ಕುಣಿಕೆಯೊಳಗೆ ಕುಣಿಕೆಯಾಗಿ ಹೋಗುತ್ತಿರುತ್ತದೆ. ಒಂದು ಕಡೆ ಕತ್ತರಿಸಿದರೆ ಕೆಳಗಿನದೆಲ್ಲ ಸರ್ರನೆ ಬಿಚ್ಚಿಕೊಳ್ಳುತ್ತದೆ. ತುಳಸಿದಾಸ ಸುತ್ತ ಚೊಕ್ಕ ಮಾಡಿದ್ದೇ ತಡ, ಕುಣಿಕೆಗಳು ಓಡತೊಡಗಿರಬೇಕು. ಅವನು ಹೆದರಿ ಒಂದೊಂದನ್ನೇ ಹಿಡಿದು ಗಂಟು ಹಾಕಿ ಕಟ್ಟಿಹಾಕಿದ್ದ. ಆಮೇಲೆ ಬಲೆ ಹೆಣೆಯುವ ಬಿದಿರಿನ ಸೂಜಿಗೆ ಅವಳ ಉಂಡೆಯಿಂದಲೇ ಉಲ್ಲನ್ ಸುತ್ತಿಕೊಂಡು ಬೆಳಗಿನಿಂದ ಬಗ್ಗಿದ ಬೆನ್ನು ಎತ್ತದೆ ಕೂತು ತುಂಬಿದ್ದ.

"ನೋಡು, ತಾರ್ಲೆ ಮೀನಿನ ಬಲೆಗಿಂತ ಸಣ್ಣ ಕಣ್ಣು ಹಾಕಿದ್ದೆ," ಅಂದ ಅವನು, ಹೆಂಡತಿಯ ಮುಖ ಇನ್ನೂ ಸರಿಯಾಗಿ ನೋಡದೆ. "ಒಂದು ಶೆಟ್ಲಿ ಮರಿನೂ ಹೊರಗೆ ಹೋಗೂದಿಲ್ಲ ಇದ್ರಾಗೆ."

"ಶೆಟ್ಲಿ ಹೊರಗೆ ಹೋದ್ರೆ ಯಾರಿಗೆ ಎಂತದು? ಹಿಮದ ಗಾಳಿ ಒಳಗೆ ಬರ್ತದಲ್ಲ! ಹುಡುಗಿ ಹೋಗೂದು ಹಿಮಾಚಲಕ್ಕೆ, ಮೀನು ಹಿಡೂಕಲ್ಲ!"

ತುಳಸಿದಾಸ ಆಗ ತಲೆಯೆತ್ತಿದ. ಹೀರಾಳ ಕಣ್ಣಲ್ಲಿ ನೀರು ಕಂಡು ಅವನ ಕೈ ಸ್ವೆಟರಿನಿಂದ ತಾನಾಗಿ ಹಿಂದೆ ಸರಿಯಿತು.

ಬೆಕ್ಕಿನ ಮೇಲೂ ಪೂರ್ತಿ ತಪ್ಪು ಹೊರಿಸುವ ಹಾಗಿಲ್ಲ. ಹೀರಾ ಮೀನು ಮಾರಿ ಬಂದ ಮೇಲೆ ಹುಣಸೆಹುಳಿ ಹಚ್ಚಿ, ಸಾಬೂನು ಹಚ್ಚಿ, ಮೊಣಕೈವರೆಗೆ ತಿಕ್ಕಿ ತೊಳೆಯದೆ ಉಲ್ಲನ್ ಮುಟ್ಟಿದವಳಲ್ಲ. ಆದರೆ ಹುಟ್ಟಿದಾಗಿನಿಂದ ಕೈಗೆ ಹತ್ತಿದ ವಾಸನೆ ಒಂದು ತುಂಡು ಸಾಬೂನಿಗೆ ಬಿಟ್ಟುಹೋಗುತ್ತದೆಯೇ? ಮನುಷ್ಯರಿಗೆ ಸ್ವೆಟರು ಕಂಡಲ್ಲಿ ಬೆಕ್ಕಿಗೆ ಬಂಗಡೆ ಕಂಡಿತು, ಅಷ್ಟೇ.

ಹಾರವಾಡದಂಥ ಊರಲ್ಲಿ, ಡಿಸೆಂಬರಿನಲ್ಲೂ ಮಧ್ಯಾಹ್ನ ಬೆವರೊರೆಸಿಕೊಳ್ಳುವ ಕಡಲ ದಂಡೆಯಲ್ಲಿ, ಒಬ್ಬ ಹೆಂಗಸು ಉಲ್ಲನ್ನಿನ ಮರುಳು ಹಚ್ಚಿಕೊಂಡದ್ದು ಹೇಗೆ ಎಂದು ಕೇಳಿದರೆ ಅದಕ್ಕೆ ಕಾರಣ ಒಂದೇ. ಒಂದು ಚಳಿಗಾಲ ಹೀರಾ ಕಾರವಾರ ಪೇಟೆಗೆ ಮೀನು ಒಯ್ಯುತ್ತಿದ್ದಳು. ಅಲ್ಲಿ ರಸ್ತೆ ಬದಿಗೆ ಮುಂಡಗೋಡದ ಟಿಬೇಟಿಯನ್ನರು ಬಂದು ಸ್ವೆಟರಿನ ಅಂಗಡಿ ಹಾಕಿದ್ದರು. ಅವರಲ್ಲೊಬ್ಬಳು ವಯಸ್ಸಾದ ಹೆಂಗಸು ಗಿರಾಕಿ ಬರಲಿ ಬಿಡಲಿ ಕಡ್ಡಿ ಹಿಡಿದು ಹೆಣೆಯುತ್ತಲೇ ಇರುತ್ತಿದ್ದಳು. ಹೀರಾ ಮೊದಲು ನೋಡಿದಳು, ಆಮೇಲೆ ಹತ್ತಿರ ಹೋಗಿ ಕೂತಳು, ಆಮೇಲೆ ಕೈಚಾಚಿ ಕಡ್ಡಿ ಕೇಳಿದಳು. ಭಾಷೆ ಒಬ್ಬರದು ಒಬ್ಬರಿಗೆ ತಿಳಿಯದು. ಮೀನು ಕೊಡಲು ಹೋದರೆ ಆ ಹೆಂಗಸು ಮೂಗು ಮುಚ್ಚಿಕೊಂಡು ನಕ್ಕುಬಿಟ್ಟಳು. ಮಾರನೆ ದಿನದಿಂದ ಹೀರಾ ಅವಳಿಗೆ ಬಾಳೆಹಣ್ಣು ಒಯ್ಯತೊಡಗಿದಳು. ಆ ಚಳಿಗಾಲ ಮುಗಿಯುವಷ್ಟರಲ್ಲಿ ಅವಳಿಗೆ ಹೆಣಿಗೆ ಬಂದಿತ್ತು.

ಅಲ್ಲಿಂದ ಮುಂದೆ ಮನೆಯ ಯಾವ ವಸ್ತುವಿಗೂ ಸೆಕೆಯಿಂದ ಬಿಡುಗಡೆ ಇರಲಿಲ್ಲ. ಟೀವಿಗೆ ಗುಲಾಬಿ ಮುಸುಕು ಬಂತು, ರೇಡಿಯೋಕ್ಕೆ ನೀಲಿ ಅಂಗಿ, ಗ್ಯಾಸ್ ಸಿಲಿಂಡರಿಗೆ ಝಾಲರಿ ಇಟ್ಟ ಕೆಂಪು ಫ್ರಾಕು. ಹೊಸದಾಗಿ ಮೊಬೈಲು ತಗೊಂಡ ಪಕ್ಕದ ಮನೆಯ ಜಟ್ಟನಿಗೆ ಕೊರಳಿಗೆ ಹಾಕಿಕೊಳ್ಳುವ ಚೀಲ ಮಾಡಿಕೊಟ್ಟಳು. ಅವನು ಅದನ್ನು ಹಾಕಿಕೊಂಡೇ ಕಡಲಿಗೆ ಹೋದ, ಹಾಗೆಂದು ಬಾಯಿ ಸುಮ್ಮನಿಟ್ಟುಕೊಂಡನೇ? "ಹೀರಕ್ಕಾ, ನನ್ನ ದೋಣಿಗೂ ರಾತ್ರಿ ಥಂಡಿ ಆಗ್ತದೆ, ಅದ್ಕೂ ಒಂದು ಸ್ವೆಟರ್ ಹಾಕು," ಎಂದು ದಿನಾ ಕಾಡುತ್ತಿದ್ದ. ಹೀರಾ ನಗುತ್ತಿದ್ದಳು. ಕಾರವಾರಕ್ಕೆ ಹೋದಾಗ ಅಂಗಡಿಯಲ್ಲಿ ಉಲ್ಲನ್ನಿನ ಉಂಡೆ ಎತ್ತಿ, ಅಂಗಡಿಯವ ಅತ್ತ ತಿರುಗಿದಾಗ ಮೆಲ್ಲಗೆ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಆ ಮೆತ್ತನೆಯ ಸುಖ ಮಂಜುಗಡ್ಡೆ, ಉಪ್ಪು, ಮುಳ್ಳು, ಪೊರೆ ಇವುಗಳ ನಡುವೆ ದಿನ ಕಳೆದ ಕೈಗಷ್ಟೇ ಗೊತ್ತು. ಆದರೂ ತಾನು ಹೆಣೆದದ್ದು ನಿಜವಾಗಿ ಯಾರಿಗೂ ಬೇಕಾಗಿಲ್ಲ ಎನ್ನುವುದು ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಚುಚ್ಚುತ್ತಿತ್ತು. ಸಿಲಿಂಡರಿಗೆ ಎಲ್ಲಿಯ ಚಳಿ?

ಹಾಗಿರುವಾಗ ಅಂಕೋಲೆಯ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ನಿಶಾ ಒಂದು ಸಂಜೆ ಓಡುತ್ತ ಬಂದು, "ಆಯೀ, ನಾ ಹಿಮಾಚಲದ ಕ್ಯಾಂಪಿಗೆ ಸಿಲೆಕ್ಟ್ ಆದೆ! ಅಲ್ಲಿ ಹಿಮ ಬೀಳ್ತದೆ! ದಪ್ಪ ಸ್ವೆಟರ್ ಬೇಕು ಹೇಳಿದ್ರು ಸರ್," ಅಂದಳು. ಹೀರಾ ಮಗಳನ್ನು ತಬ್ಬಿಕೊಳ್ಳಲೂ ಮರೆತು ಅವಳ ಭುಜದ ಅಗಲಕ್ಕೆ ಗೇಣು ಹಾಕಿದಳು. ಜೊತೆಯ ಹುಡುಗಿಯರೆಲ್ಲ ರೆಡಿಮೇಡ್ ತಗೊಳ್ಳುತ್ತಾರೆ ಎಂದಾಗ, "ನೀ ಹಾರವಾಡದ ಸ್ವೆಟರ್ ಹಾಕ್ಕಂಡು ಹೋಗು," ಅಂದಿದ್ದಳು. ಹಾಗೆ ಹೇಳುವಾಗ ಅವಳ ಎದೆ ಎಷ್ಟು ಉಬ್ಬಿತ್ತೆಂದು ಅವಳಿಗೆ ಮಾತ್ರ ಗೊತ್ತು.

ಆ ಸ್ವೆಟರು ಈಗ ಹೀಗೆ ಬಿದ್ದಿತ್ತು. ನಿಶಾ ನಿನ್ನೆಯೇ ಕಾರವಾರದ ಕೋಡಿಬಾಗದಲ್ಲಿರುವ ಅತ್ತೆಯ ಮನೆಗೆ ಹೋಗಿದ್ದಳು, ಇವತ್ತು ಬೆಳಿಗ್ಗೆ ಕಾರವಾರದಲ್ಲಿ ಎಲ್ಲರೂ ಸೇರಬೇಕಿತ್ತು. ದಿಲ್ಲಿ ಗಾಡಿ ಸಂಜೆಗೆ. ಮಧ್ಯಾಹ್ನದ ಊಟ ಮುಗಿಸಿ ಗಂಡ ಹೆಂಡತಿ ಸ್ವೆಟರು ಹಿಡಿದುಕೊಂಡು ಸ್ಟೇಷನ್ನಿಗೆ ಬರುವುದೆಂದು ಮಾತಾಗಿತ್ತು.

ಹೀರಾ ಎದ್ದು ಕೈ ತೊಳೆದು ಬಂದಳು. ಒಂದು ಗಂಟನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ಎಳೆದಷ್ಟೂ ಬಿಗಿಯಿತು. ಬಿಗಿಯದಿದ್ದರೆ ಅದು ತುಳಸಿದಾಸನ ಗಂಟೇ ಅಲ್ಲ. ಮೊಣಕಾಲು ಕೈಕೊಟ್ಟು ಕಡಲು ಬಿಟ್ಟಮೇಲೂ ಸುತ್ತಲಿನ ದೋಣಿಯವರು ಬಲೆ ತಂದು ಅವನ ಮುಂದೆಯೇ ಸುರಿಯುತ್ತಿದ್ದುದು ಈ ಗಂಟಿಗಾಗಿಯೇ. ಬಿಚ್ಚಬೇಕಾದರೆ ಮತ್ತೆ ಕತ್ತರಿಸಬೇಕು. ಕತ್ತರಿಸಿದರೆ ಎದೆಯ ಭಾಗವೆಲ್ಲ ಕೆಳಗಿನಿಂದ ಹೊಸದಾಗಿ ಹೆಣೆಯಬೇಕು, ಅದಕ್ಕೆ ಹೊತ್ತೆಲ್ಲಿದೆ?

"ಕಾರವಾರದಾಗೆ ಆ ಟಿಬೇಟಿನವ್ರು ಅಂಗಡಿ ಹಾಕಿದ್ದಾರಲ್ಲ ಈಗ," ಅಂದ ತುಳಸಿದಾಸ ಸಣ್ಣ ದನಿಯಲ್ಲಿ. "ಒಂದು ರೆಡಿಮೇಡ್ ತಕಂಡು ಕೊಡುವಾ. ಇದು ಮನೇಲಿ ಇರ್ಲಿ."

"ಇದ್ನ ಯಾರಿಗೆ ಹಾಕೂದು ಮನೇಲಿ? ಮತ್ತೊಂದು ಸಿಲಿಂಡರಿಗಾ?"

ಹೀರಾ ಒಳಗೆ ಹೋಗಿ ಉಂಡೆಯಲ್ಲಿ ಉಳಿದ ಉಲ್ಲನ್ ತೂಗಿ ನೋಡಿದಳು. ಗಂಡ ಬಲೆಗೆ ಸುರಿದದ್ದು ಹೋಗಿ ಉಳಿದದ್ದು ಒಂದು ಚೌಕದ ತುಂಡಿಗೆ ಸಾಕಾದೀತು. ಅಂಗೈಗಿಂತ ಚೂರು ದೊಡ್ಡ ತುಂಡು ಹೆಣೆದು ಬಲೆಯ ಮೇಲೆ ಕಿಸೆಯ ಹಾಗೆ ಹೊಲಿದುಬಿಟ್ಟರೆ ಗಾಳಿ ನಿಲ್ಲುತ್ತದೆ, ಬಲೆ ಕಾಣುವುದೂ ಇಲ್ಲ. ಊಟಕ್ಕೆ ಕೂರದೆ ಅವಳು ಕಡ್ಡಿ ಹಿಡಿದಳು. ಸೀರೆ ಬದಲಿಸುವಾಗಷ್ಟೇ ಕೆಳಗಿಟ್ಟಳು, ಬಸ್ಸಿಗೆಂದು ಹೆದ್ದಾರಿಯವರೆಗೆ ನಡೆಯುವಾಗಲೂ ಅವಳ ಬೆರಳು ನಿಲ್ಲಲಿಲ್ಲ. ತುಳಸಿದಾಸ ಸ್ವೆಟರಿನ ಚೀಲ ಕಂಕುಳಲ್ಲಿ ಹಿಡಿದು ಕುಂಟುತ್ತ ಹಿಂದೆ ಬಂದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಂಡಕ್ಟರು ಟಿಕೆಟು ಹರಿದುಕೊಡುತ್ತ, "ಎಂತ ಬಾಯೀ, ಈ ಶೆಕೆಗೆ ಸ್ವೆಟರಾ?" ಎಂದು ಹಲ್ಲುಬಿಟ್ಟ. ಬೇರೆ ದಿನವಾಗಿದ್ದರೆ ಹೀರಾ ಅವನಿಗೂ ಒಂದು ಟೊಪ್ಪಿ ಹೆಣೆದುಕೊಡುವ ಮಾತಾಡುತ್ತಿದ್ದಳು. ಇವತ್ತು ತಲೆಯೆತ್ತಲಿಲ್ಲ. ಅಮದಳ್ಳಿ ದಾಟಿತು. ಪಕ್ಕದಲ್ಲಿ ತುಳಸಿದಾಸ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಬಸ್ಸು ಕುಲುಕಿದಾಗಲೆಲ್ಲ ಅವಳ ಉಂಡೆ ಉರುಳಿ ಹೋಗದಂತೆ ಕಾಲಿನಿಂದ ತಡೆಯುತ್ತಿದ್ದ, ಅಷ್ಟು ಮಾಡಲು ಮಾತ್ರ ತನಗೆ ಪರವಾನಗಿ ಇದೆಯೆಂಬಂತೆ.

ಬಿಣಗಾ ಘಾಟಿಯ ತಿರುವಿನಲ್ಲಿ ಕಡಲು ಕಂಡಾಗ ಅವನು ಬಾಯಿಬಿಟ್ಟ. "ನೀ ಬರೂ ತಕ ಇಟ್ಟಿದ್ರೆ ಆಗ್ತಿತ್ತು. ನಂಗೆ ಗೊತ್ತಿತ್ತು ಅದು."

"ಮತ್ತೆ ಎಂತಕೆ ಇಡ್ಲಿಲ್ಲ?"

ಅವನು ಉಂಡೆಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡ. "ತೂತು ನೋಡಿ ನಂಗೆ ಒಂದು ನಮೂನೆ ಖುಷಿ ಆಯ್ತೇ ಹೀರಾ. ಸುಳ್ಳು ಹೇಳೂದಿಲ್ಲ. ಹುಡುಗಿ ಅಷ್ಟು ದೂರ ಹೋಗ್ತದೆ. ನೀ ಸ್ವೆಟರ್ ಮಾಡ್ದೆ, ಅತ್ತೆ ಶೂಜ್ ತೆಗ್ಸಿ ಕೊಟ್ಲು, ಜಟ್ಟ ಬ್ಯಾಗ್ ಕೊಟ್ಟ. ನಂದು ಎಂತದೂ ಇಲ್ಲ. ಇದಾದ್ರೂ ನಂಗೆ ಬರೂ ಕೆಲಸ ಅಂತ ಕೂತೆ."

ಹೀರಾಳ ಕಡ್ಡಿ ಒಂದು ಗಳಿಗೆ ನಿಂತಿತು. ಗಂಡನ ಕೈ ಅವನ ಮೊಣಕಾಲಿನ ಮೇಲಿತ್ತು. ಬಲೆದಾರ ಉಜ್ಜಿ ಉಜ್ಜಿ ಬೆರಳಿನ ಸಂದಿಯಲ್ಲಿ ಗೀರು ಬಿದ್ದ ಕೈ. ಅವನ ಮೇಲಿನ ಸಿಟ್ಟು ಇನ್ನೂ ಇತ್ತು, ಜೊತೆಗೆ ಅವನ ಮೇಲೆ ತಡೆಯಲಾರದಷ್ಟು ಮಮತೆಯೂ ಉಕ್ಕಿಬಂತು. ಎರಡರಲ್ಲಿ ಯಾವುದನ್ನು ಮೊದಲು ಹೇಳುವುದೆಂದು ತಿಳಿಯದೆ, "ಉಂಡೆ ಹಿಡ್ಕಳಿ ಸರಿ, ಧೂಳಾಗ್ತದೆ," ಅಂದಳು. ಅವನು ಉಂಡೆ ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡ.

ಸ್ಟೇಷನ್ನಿನಲ್ಲಿ ಖಾಕಿ ಹಾಕಿದ ಹುಡುಗಿಯರು ಸಾಮಾನು ರಾಶಿ ಹಾಕಿಕೊಂಡು ನಿಂತಿದ್ದರು. ನಿಶಾ ದೂರದಿಂದಲೇ ಕೈಬೀಸುತ್ತ ಓಡಿಬಂದಳು. ಅವಳ ಹಿಂದೆ ಗೆಳತಿ ವಿಜೇತಾ, ಸೊಂಟಕ್ಕೆ ಹೊಸ ರೆಡಿಮೇಡ್ ಸ್ವೆಟರು ಕಟ್ಟಿಕೊಂಡು. ನಿಶಾ ಚೀಲದೊಳಗೆ ಕೈಹಾಕಿ ಸ್ವೆಟರು ಎಳೆದು ಬಿಡಿಸಿದಳು. ಬಲೆ ಕಂಡಿತು. ಅವಳ ನಗು ಅಲ್ಲಿಗೇ ನಿಂತಿತು.

"ಇದೆಂತದು ಆಯೀ?"

"ಬೆಕ್ಕು ಹರೀತು," ಅಂದ ತುಳಸಿದಾಸ ಹೆಂಡತಿಗಿಂತ ಮೊದಲೇ. "ನಾ ಹಾಳು ಮಾಡ್ದೆ. ನಿಮ್ಮ ಆಯಿ ಮೇಲಿಂದ ಕಿಸೆ ಹಚ್ಚಿ ಕೊಡ್ತಾಳೆ, ಆಮೇಲೆ ಎಂತದೂ ಕಾಣೂದಿಲ್ಲ."

ನಿಶಾ ಬಲೆಯ ಕಣ್ಣೊಳಗೆ ಕಿರುಬೆರಳು ತೂರಿಸಲು ನೋಡಿದಳು, ಹೋಗಲಿಲ್ಲ. ಅಪ್ಪನ ಮುಖ ನೋಡಿದಳು. ವಿಜೇತಾಳ ಕಡೆ ಕಣ್ಣು ಹೊರಳಿಸಿ, ಬಲೆ ಒಳಗೆ ಬರುವಂತೆ ಸ್ವೆಟರನ್ನು ಮಡಚಿದಳು. ಹದಿನೇಳರ ಹುಡುಗಿ, ಮೊದಲ ಸಲ ಊರು ಬಿಟ್ಟು ಹೊರಟವಳು, ಗೆಳತಿಯರ ಎದುರು ನಾಚಿಕೊಂಡರೆ ಅವಳನ್ನು ಬೈಯುವುದು ಹೇಗೆ?

ಹೀರಾ ಕಲ್ಲುಬೆಂಚಿನ ಮೇಲೆ ಕೂತು ಚೌಕದ ಕೊನೆಯ ಸಾಲು ಮುಗಿಸಿದಳು. ದೊಡ್ಡ ಕಣ್ಣಿನ ಸೂಜಿಗೆ ಉಲ್ಲನ್ ಪೋಣಿಸಿದಳು. ಸ್ವೆಟರನ್ನು ತೊಡೆಯ ಮೇಲೆ ಹರಡಿ ಚೌಕವನ್ನು ಬಲೆಯ ಮೇಲಿಟ್ಟಳು. ಸರಿಯಾಗಿ ಕೂತಿತು. ಬೆಳಗಿನಿಂದ ಗಂಡ ಪಟ್ಟ ಪಾಡು ಅದರ ಕೆಳಗೆ ಪೂರ್ತಿ ಮರೆಯಾಯಿತು. ಯಾರು ನೋಡಿದರೂ ಒಂದು ಚಂದದ ಕಿಸೆ ಅನ್ನಬೇಕು, ಅಷ್ಟು ನೀಟಾಗಿತ್ತು.

"ಹಾಂ, ಹಂಗೇ. ಈಗ ನಿನ್ನ ಕೆಲಸ ಮಾತ್ರ ಕಾಣ್ತದೆ," ಅಂದ ತುಳಸಿದಾಸ, ಸಮಾಧಾನ ಹೇಳುವವನ ಹಾಗೆ. ಹೇಳಿ ಹಳಿಯ ಕಡೆ ಮುಖ ಮಾಡಿ ನಿಂತ.

ಹೀರಾ ಅವನ ಬೆನ್ನು ನೋಡಿದಳು. ಚೌಕವನ್ನು ತೆಗೆದಳು. ಸ್ವೆಟರಿನೊಳಗೆ ಕೈಹಾಕಿ ಒಳಗು ಹೊರಗು ತಿರುಗಿಸಿ, ಚೌಕವನ್ನು ಬಲೆಯ ಹಿಂದೆ ಇಟ್ಟು, ಒಳಗಿನಿಂದ ಹೊಲಿಯತೊಡಗಿದಳು.

"ಆಯೀ, ಗಾಡಿ ಬರೂ ಹೊತ್ತಾಯ್ತು. ಉಲ್ಟಾ ಹಚ್ತಿದ್ದೆ ನೀನು," ಅಂದಳು ನಿಶಾ.

"ಉಲ್ಟಾ ಅಲ್ಲ. ನಂಗೆ ಗೊತ್ತದೆ."

ತುಳಸಿದಾಸ ತಿರುಗಿ ನೋಡಿದ. ಏನಾಗುತ್ತಿದೆಯೆಂದು ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದಾಗ ಮೊಣಕಾಲು ಹಿಡಿದುಕೊಂಡು ಬೆಂಚಿನ ಮುಂದೆ ನೆಲಕ್ಕೇ ಕೂತು ಸ್ವೆಟರಿನ ಅಂಚನ್ನು ಎರಡೂ ಹೆಬ್ಬೆರಳಿಂದ ಬಿಗಿಯಾಗಿ ಎಳೆದು ಹಿಡಿದ. ಹೀರಾ ಅವನು ಹಾಕಿದ ಒಂದೊಂದು ಗಂಟಿನ ಸಂದಿನಲ್ಲೂ ಸೂಜಿ ತೂರಿಸಿ ತನ್ನ ಹೆಣಿಗೆಗೆ ಸೇರಿಸುತ್ತ ಹೋದಳು.

"ಇಲ್ಲಿ ಸಡಿಲ ಅದೆ," ಅಂದ.

"ಕಂಡದೆ ನಂಗೆ. ಕೈ ಅಲ್ಲಾಡ್ಸಬೇಡಿ."

ಗಾಡಿ ಬರುವ ಸೂಚನೆ ಧ್ವನಿವರ್ಧಕದಲ್ಲಿ ಮೂರು ಭಾಷೆಯಲ್ಲಿ ಆಯಿತು. ಹುಡುಗಿಯರು ಬ್ಯಾಗು ಎತ್ತಿದರು. ಹೀರಾ ಕೊನೆಯ ಸುತ್ತು ಹಾಕಿ, ಎಳೆ ಕತ್ತರಿಸಲು ಅತ್ತಿತ್ತ ನೋಡಿದಳು. ಕತ್ತರಿ ಮನೆಯಲ್ಲೇ ಉಳಿದಿತ್ತು. ತುಳಸಿದಾಸ ಅವಳ ತೊಡೆಯ ಮೇಲೆ ಬಗ್ಗಿ ಎಳೆಯನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದ.

ಹೀರಾ ಸ್ವೆಟರನ್ನು ಮತ್ತೆ ಸರಿಯಾಗಿ ತಿರುಗಿಸಿ ಕೊಡವಿ ಮಗಳ ಎದುರು ಹಿಡಿದಳು. ಹಸಿರಿನ ಮೇಲೆ ಹಸಿರು ಬಲೆ ಎದ್ದು ಕಾಣುತ್ತಿತ್ತು. ಹಿಂದೆ ಆಧಾರ ಸಿಕ್ಕಿದ್ದರಿಂದ ಕಣ್ಣುಗಳೆಲ್ಲ ಒಂದೇ ಅಳತೆಗೆ ಬಿಚ್ಚಿ ನಿಂತಿದ್ದವು. ವಿಜೇತಾ ಬಗ್ಗಿ ಬೆರಳಾಡಿಸಿ, "ಇದು ಯಾವ ಡಿಸೈನ್ ಆಂಟೀ? ರೆಡಿಮೇಡಿನಾಗೆ ಇಲ್ವಲ್ಲ," ಅಂದಳು. ಅವಳಿಗೆ ನಿಶಾಳೇ ಉತ್ತರ ಕೊಟ್ಟಳು: "ನಮ್ಮ ಅಪ್ಪ ಹಾಕಿದ್ದು." ಹೇಳಿ, ಆ ಸೆಕೆಯಲ್ಲಿ, ಖಾಕಿ ಅಂಗಿಯ ಮೇಲೇ ಸ್ವೆಟರಿಗೆ ಕೈ ತೂರಿಸಿದಳು.

"ಈಗ ಎಂತಕೆ ಹಾಕ್ತೆ? ಬೆವರ್ತದೆ, ಬೊಕ್ಕೆ ಏಳ್ತದೆ ಮೈ ತುಂಬ!" ಎಂದು ಹೀರಾ ಕೂಗುತ್ತಿದ್ದಂತೆ ಗಾಡಿ ಬಂದುಬಿಟ್ಟಿತು. ಆಮೇಲೆ ನೂಕುನುಗ್ಗಲು, ಬ್ಯಾಗುಗಳು, ಸರ್ ಹೆಸರು ಕರೆಯುವುದು. ಕಿಟಕಿಯ ಸರಳಿನಾಚೆ ನಿಶಾಳ ಮುಖ ಕೆಂಪಾಗಿ ಬೆವರಿಳಿಯುತ್ತಿತ್ತು. ಸ್ವೆಟರು ತೆಗೆದಿರಲಿಲ್ಲ. ಹೋಗಿ ಬರ್ತೆ ಅಂದದ್ದು ಅಪ್ಪನಿಗೋ ಆಯಿಗೋ ಗದ್ದಲದಲ್ಲಿ ಗೊತ್ತಾಗಲಿಲ್ಲ. ಇಬ್ಬರೂ ಹೂಂ ಅಂದರು.

ಗಾಡಿಯ ಬಾಲ ತಿರುವಿನಲ್ಲಿ ಕಾಣದಾದ ಮೇಲೂ ತುಳಸಿದಾಸ ಎತ್ತಿದ ಕೈ ಇಳಿಸದೆ ನಿಂತಿದ್ದ. ಅವನ ಮೀಸೆಯ ತುದಿಗೆ ಹಸಿರು ಉಲ್ಲನ್ನಿನ ಒಂದು ಎಳೆ ಅಂಟಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು. ಹೀರಾ ಅದನ್ನು ನೋಡಿದಳು. ತೆಗೆಯಲು ಕೈ ಮುಂದೆ ಮಾಡಿದವಳು, ತೆಗೆಯದೆ, ಅವನ ತೋಳು ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು.